ಕಕ್ಕಡ ಹದಿನೆಂಟರ ಆಸ್ಪತ್ರೆ

ಕೊಡಗಿನಲ್ಲಿ ಮದ್ದುಸೊಪ್ಪು ಅಂತ ಒಂದು ಸೊಪ್ಪಿದೆ. ಜುಲೈ ಮಧ್ಯಕ್ಕೆ ಬರುವ ಕಕ್ಕಡ ತಿಂಗಳು ಹುಟ್ಟಿದ ದಿನದಿಂದ ಅದಕ್ಕೆ ದಿನಕ್ಕೊಂದು ಮದ್ದು ಸೇರುತ್ತಾ ಹೋಗಿ, ಹದಿನೆಂಟನೇ ದಿನಕ್ಕೆ ಹದಿನೆಂಟೂ ಕೂಡುತ್ತವಂತೆ. ಅವತ್ತು ಮನೆಮನೆಯಲ್ಲೂ ಮದ್ದುಪಾಯಸ. ಆ ದಿನ ಕಳೆದರೆ ಅದನ್ನು ಕೇಳುವವರಿಲ್ಲ.

ನಮ್ಮ ಕಡೆಯ ಒಂದು ಆಸ್ಪತ್ರೆಯೂ ಇದೇ ಜಾತಿಯದು. ಹೆಸರು ಬೇಡ, ನಾಳೆ ನಾನೂ ಅಲ್ಲಿಗೇ ಹೋಗಬೇಕು. ವರ್ಷಕ್ಕೊಂದು ದಿನ ಅಲ್ಲಿ ಎಲ್ಲ ಮದ್ದೂ ಕೂಡುತ್ತದೆ. ಅದು ಪರಿಶೀಲನೆಯ ತಂಡ ಬರುವ ದಿನ.

ಈ ಪರೀಕ್ಷೆಯ ಹೆಸರು ‘ಜೈವಿಕ ತುರ್ತು ಪರಿಸ್ಥಿತಿ ನಿರ್ವಹಣೆಯಲ್ಲಿ ಆಸ್ಪತ್ರೆಗಳ ಸನ್ನದ್ಧತೆಯ ಮೌಲ್ಯಮಾಪನ’. ಒಂದೇ ಉಸಿರಿಗೆ ಹೇಳಿ ಮುಗಿಸಿದರೆ ನಿಮ್ಮ ಶ್ವಾಸಕೋಶ ಚೆನ್ನಾಗಿದೆ ಎಂದರ್ಥ. ಅರ್ಧ ತಪಾಸಣೆ ಅಲ್ಲಿಗೇ ಮುಗಿಯಿತು.

ತಂಡ ಬರಬೇಕಿದ್ದದ್ದು ಜುಲೈ ಕೊನೆಗೆ. ಕಕ್ಕಡದ ಮಳೆ ನಿಮಗೆ ಗೊತ್ತಲ್ಲ. ‘ಮಳೆ ಜಾಸ್ತಿ ಇರುವುದರಿಂದ ತುರ್ತು ಪರಿಸ್ಥಿತಿಯ ಪರಿಶೀಲನೆಯನ್ನು ಮುಂದೂಡಲಾಗಿದೆ’ ಎಂದು ಪತ್ರ ಬಂತು. ಸರಿಯೇ ಅಲ್ವಾ? ತುರ್ತು ಪರಿಸ್ಥಿತಿ ನೋಡಲು ಬರುವವರಿಗೆ ರಸ್ತೆ ಇರಬೇಕು, ಕರೆಂಟ್ ಇರಬೇಕು, ಫೋನಿಗೆ ಸಿಗ್ನಲ್ ಸಿಗಬೇಕು. ಕೇರಳದಲ್ಲಿ 2018ರಿಂದ 2024ರವರೆಗೆ ಬಾವಲಿಯಿಂದ ಬರುವ ನಿಫಾ ಜ್ವರ ತಲೆ ಎತ್ತಿದ್ದೆಲ್ಲ ಮೇ ಮತ್ತು ಸೆಪ್ಟೆಂಬರ್ ನಡುವೆ. ಕುಟ್ಟ, ಮಾಕುಟ್ಟ, ಕರಿಕೆ ದಾಟಿದರೆ ಕೇರಳ. ಬಾವಲಿಗೆ ಚೆಕ್‌ಪೋಸ್ಟ್ ಗೊತ್ತಿಲ್ಲ, ತಂಡಕ್ಕೆ ಬಾವಲಿಯ ಕ್ಯಾಲೆಂಡರ್ ಗೊತ್ತಿಲ್ಲ. ಕೊನೆಗೆ ತಂಡ ಡಿಸೆಂಬರ್‌ನಲ್ಲಿ ಬಂತು. ಒಳ್ಳೆಯ ಬಿಸಿಲಿತ್ತು.

ಹಾಗಂತ ಗಡಿ ಕಾಯುವುದು ನಮಗೆ ಹೊಸದೇನಲ್ಲ. 2020ರ ಮಾರ್ಚ್‌ನಲ್ಲಿ ಮಾಕುಟ್ಟ ರಸ್ತೆಗೆ ಮಣ್ಣು ಸುರಿದು ಕೊರೊನಾಕ್ಕೆ ತಡೆ ಹಾಕಿದವರು ನಾವು. ಜಿಲ್ಲೆಯ ಮೊದಲ ಸೋಂಕಿತರು ಅಷ್ಟು ಹೊತ್ತಿಗೆ ದುಬೈನಿಂದ ವಿಮಾನದಲ್ಲಿ ಬಂದಿಳಿದು ಮನೆ ಸೇರಿದ್ದರು, ಅದು ಬೇರೆ ಮಾತು. 2018ರ ಆಗಸ್ಟ್‌ನಲ್ಲಂತೂ ಬೆಟ್ಟಗಳೇ ರಸ್ತೆಗೆ ಮಣ್ಣು ಸುರಿದಿದ್ದವು, ಸುತ್ತೋಲೆಗೂ ಕಾಯದೆ.

ತಂಡ ಬರುವ ವಾರ ಮೊದಲು ಐಸೊಲೇಶನ್ ವಾರ್ಡಿನ ಬೀಗ ತೆಗೆದರು. ಕೀ ಸಿಗಲಿಲ್ಲ, ಒಡೆದರು. ಒಳಗೆ ಮೂರು ಕಾಲಿನ ಕುರ್ಚಿಗಳು, ಪಲ್ಸ್ ಪೋಲಿಯೊ ಬ್ಯಾನರ್, ಒಂದು ಸೀಲಿಂಗ್ ಫ್ಯಾನು, ಅದರ ರೆಕ್ಕೆ ಬೇರೆ ಕಡೆ. ಕೋವಿಡ್ ಕಾಲದ ಪಿಪಿಇ ಕಿಟ್‌ಗಳಲ್ಲಿ ಅರ್ಧ ಮಾಯ. ವಿಚಾರಿಸಿದರೆ, ಕೆಲವು ಮಳೆಗಾಲಕ್ಕೆ ರೇನ್‌ಕೋಟ್ ಆಗಿದ್ದವು, ಎರಡು ಕಡಜದ ಗೂಡು ತೆಗೆಯಲು ತೋಟಕ್ಕೆ ಹೋಗಿದ್ದವು. ಕಡಜ ಒಂದೂ ಕಚ್ಚಲಿಲ್ಲವಂತೆ. ಆ ಕಿಟ್‌ಗಳ ಗುಣಮಟ್ಟಕ್ಕೆ ಸಿಕ್ಕಿರುವ ಪುರಾವೆ ಅದೊಂದೇ. ವೆಂಟಿಲೇಟರ್ ಪಕ್ಕದ ಆಸ್ಪತ್ರೆಯಿಂದ ಜೀಪಿನಲ್ಲಿ ಬಂತು. ಹಿಂದಿನ ದಿನ ತಂಡ ಆ ಆಸ್ಪತ್ರೆಯಲ್ಲೇ ಅದನ್ನು ನೋಡಿತ್ತು. ‘ಇದನ್ನು ಎಲ್ಲೋ ನೋಡಿದ ಹಾಗಿದೆಯಲ್ಲ’ ಎಂದರು ಒಬ್ಬರು. ‘ಎಲ್ಲ ಒಂದೇ ಕಂಪನಿಯದು ಸಾರ್’ ಎಂದರು ಇವರು.

ನಾನು ಅವತ್ತು ಬಿಪಿ ಮಾತ್ರೆಗೆ ಹೋದವನು ಸುಮ್ನೆ ಬೆಂಚಿನ ಮೇಲೆ ಕೂತಿದ್ದೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು.

ಪ್ರಶ್ನೆಪಟ್ಟಿ ಊರಿಗೆಲ್ಲ ಒಂದೇ. ‘ರೈಲು ನಿಲ್ದಾಣದಲ್ಲಿ ತಪಾಸಣೆ ವ್ಯವಸ್ಥೆ ಇದೆಯೇ?’ ಕೊಡಗಿಗೆ ರೈಲೇ ಬಂದಿಲ್ಲ. ‘ಅನ್ವಯಿಸುವುದಿಲ್ಲ’ ಎಂದು ಬರೆದರು, ಪೂರ್ತಿ ಅಂಕ ಬಂತು. ಬಂದಿರದ ರೈಲಿನಲ್ಲಿ ರೋಗವೂ ಬರಲಾರದು, ತರ್ಕ ಸರಿಯಾಗಿಯೇ ಇದೆ.

ಆಮೇಲೆ ನೆಗೆಟಿವ್ ಪ್ರೆಶರ್ ಕೋಣೆ. ಗಾಳಿ ಹೊರಗಿನಿಂದ ಕೋಣೆಯೊಳಕ್ಕೆ ಹೋಗಬೇಕು, ಒಳಗಿನ ರೋಗಾಣು ಹೊರಗೆ ಬರಬಾರದು. ಪರೀಕ್ಷಿಸಲು ಬಾಗಿಲ ಸಂದಿಗೆ ಒಂದು ಟಿಶ್ಯೂ ಪೇಪರ್ ಹಿಡಿದರೆ ಸಾಕು. ಕಾಗದ ಒಳಕ್ಕೆ ಬಾಗಿದರೆ ಪಾಸು. ಇಲ್ಲಿ ಹಿಂದಿನ ದಿನ ತಾನೇ ಗೋಡೆ ಒಡೆದು ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದರು, ತಿರುಗುಮುರುಗಾಗಿ. ಕಾಗದ ಕೈಯಿಂದ ಹಾರಿ ವರಾಂಡದಲ್ಲಿ ಕೂತಿದ್ದ ಒಬ್ಬ ಬಾಣಂತಿಯ ಮಡಿಲಿಗೆ ಬಿತ್ತು. ‘ಗಾಳಿಯ ಹರಿವು ಉತ್ತಮವಾಗಿದೆ’ ಎಂದು ಬರೆದುಕೊಂಡರು.

ಹನ್ನೊಂದೂವರೆಗೆ ಅಣಕು ಪ್ರದರ್ಶನ. ನಿಫಾ ರೋಗಿಯ ಪಾತ್ರಕ್ಕೆ ಆಸ್ಪತ್ರೆಯ ಡಿ ಗ್ರೂಪ್ ನೌಕರನೇ ಸಿಕ್ಕಿದ್ದ. ಹುಟ್ಟು ಕಲಾವಿದ. ಸ್ಟ್ರೆಚರ್ ಮೇಲೆ ನರಳುತ್ತಾ ಬಂದ.

‘ಎಲ್ಲಿಂದ ಬಂದಿದ್ದೀರಿ?’

‘ಕೋಯಿಕ್ಕೋಡಿನಿಂದ ಡಾಕ್ಟ್ರೇ.’

‘ಬಾವಲಿ ಕಚ್ಚಿದ ಹಣ್ಣೇನಾದರೂ ತಿಂದಿದ್ದೀರಾ?’

‘ಮೂರು ತಿಂದೆ.’

‘ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರ ಇದೆಯಾ?’

‘ಎಲ್ಲರಿಗೂ!’

ಇಷ್ಟು ಸ್ಪಷ್ಟವಾಗಿ ಮಾತಾಡುವ ರೋಗಿ ಸಿಕ್ಕಿದರೆ ಯಾವ ಡಾಕ್ಟರಿಗೆ ಕಷ್ಟ ಹೇಳಿ. ಸ್ಯಾಂಪಲ್ ತೆಗೆದು, ಒಂದರೊಳಗೊಂದು ಮೂರು ಡಬ್ಬಿ ಹಾಕಿ, ಕ್ಯಾಂಟೀನ್ ಫ್ರಿಜ್‌ನಿಂದ ತಂದ ಐಸ್ ಇಟ್ಟು, ಪುಣೆಯ ವೈರಾಣು ಸಂಸ್ಥೆ ಎನ್‌ಐವಿಗೆ ಕಳಿಸಿದರು. ಆಂಬ್ಯುಲೆನ್ಸ್ ಗೇಟಿನವರೆಗೆ ಹೋಗಿ ತಿರುಗಿ ಬಂತು. ಹೋಗಿ ಬರಲು ನಾಲ್ಕು ನಿಮಿಷ. ಪುಣೆ ಇಷ್ಟು ಹತ್ತಿರ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಪಿಪಿಇ ಹಾಕಿಕೊಂಡವರ ಫೋಟೊ ಆಯಿತು. ಫೋಟೊ ಆದ ಕೂಡಲೇ ವರಾಂಡದಲ್ಲೇ ನಿಂತು, ಮಾಸ್ಕ್ ಮೊದಲು, ಗ್ಲೌಸ್ ಕೊನೆಗೆ, ಬಸ್ಸಿಳಿದವರು ಕೋಟು ಬಿಚ್ಚುವ ಹಾಗೆ ಬಿಚ್ಚಿದರು. ಅದನ್ನು ಬಿಚ್ಚುವಾಗಲೇ ಅಪಾಯ ಜಾಸ್ತಿ. ಗ್ಲೌಸ್ ಮೊದಲು, ಮಾಸ್ಕ್ ಕೊನೆಗೆ, ನಡುನಡುವೆ ಕೈ ಶುಚಿ ಮಾಡಿಕೊಳ್ಳಬೇಕು. ಪಟ್ಟಿಯಲ್ಲಿ ‘ಧರಿಸಿದರೇ?’ ಅಂತಿತ್ತು, ‘ಬಿಚ್ಚಿದ್ದು ಹೇಗೆ?’ ಅಂತ ಇರಲಿಲ್ಲ. 2018ರ ಮೇ ತಿಂಗಳಲ್ಲಿ ಗಡಿಯಾಚೆ ಪೇರಾಂಬ್ರದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ರೋಗಿಯನ್ನು ನೋಡಿಕೊಂಡ ನರ್ಸ್ ಲಿನಿ ತೀರಿಹೋದರು. ರೋಗಿ ಬಂದಾಗ ಅದು ನಿಫಾ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಸಲ ಹೆಚ್ಚಿನವರಿಗೆ ಸೋಂಕು ತಗುಲಿದ್ದು ಆಸ್ಪತ್ರೆಗಳ ಒಳಗೇ. ಇದನ್ನು ತಮಾಷೆ ಮಾಡಲು ನನಗೆ ಬರುವುದಿಲ್ಲ.

ಅಂಕದ ವಿಷಯದಲ್ಲಿ ನಮ್ಮವರನ್ನೇ ಬೈದು ಪ್ರಯೋಜನವಿಲ್ಲ ಬಿಡಿ. 2019ರ ಅಕ್ಟೋಬರ್‌ನಲ್ಲಿ 195 ದೇಶಗಳಿಗೆ ಇಂಥದ್ದೇ ಪರೀಕ್ಷೆ ನಡೆದಿತ್ತು, ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕ ಅಂತ. ಅಮೆರಿಕ 83.5 ಅಂಕ ತೆಗೆದು ಮೊದಲನೇ ಸ್ಥಾನ, ಬ್ರಿಟನ್ ಎರಡನೇ ಸ್ಥಾನ. ನಾಲ್ಕೈದು ತಿಂಗಳಲ್ಲಿ ಕೊರೊನಾ ಬಂತು. ಪ್ರಪಂಚದಲ್ಲೇ ಅತಿ ಹೆಚ್ಚು ಕೋವಿಡ್ ಸಾವು ವರದಿಯಾದದ್ದು ಅಮೆರಿಕದಲ್ಲಿ, 10 ಲಕ್ಷಕ್ಕೂ ಮೇಲೆ. ನಮ್ಮ ಆಸ್ಪತ್ರೆಗೆ ಅವತ್ತು 94 ಬಂತು. ಅಮೆರಿಕಕ್ಕಿಂತ ಜಾಸ್ತಿ.

ಈ ಗಲಾಟೆಯ ನಡುವೆ ನನ್ನ ಪಕ್ಕದಲ್ಲಿ ಒಬ್ಬ ಬಂದು ಕೂತಿದ್ದ. ಕಾಫಿ ಕುಯ್ಲಿಗೆ ಬಂದ ಆಳು, ಕೈಯಲ್ಲಿ ತೋಟದ ರೈಟರ್ ಬರೆದುಕೊಟ್ಟ ಚೀಟಿ. ಮೈ ಕೆಂಡ, ಕಣ್ಣು ಕೆಂಪು, ತಲೆ ಎತ್ತಲಾಗುತ್ತಿಲ್ಲ. ಒಳಗೆ ಹೋಗಲು ಎದ್ದಾಗ ವಾಚ್‌ಮನ್ ತಡೆದ. ‘ಸ್ವಲ್ಪ ಕೂತಿರಣ್ಣ, ಒಳಗೆ ಪೇಶಂಟ್ ಇದ್ದಾರೆ.’

ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಶುರುವಾಗುವುದು ಇದೇ ಚಳಿಗಾಲದಲ್ಲಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡದ್ದು, 2012ರಲ್ಲಿ ಬಂಡೀಪುರಕ್ಕೆ ಬಂದಿತ್ತು, ಆಮೇಲೆ ವಯನಾಡಿಗೂ ಹೋಯಿತು. ಜ್ವರ, ತಲೆನೋವು, ಕೆಂಪು ಕಣ್ಣು. ಅವನಿಗೆ ಅದೇ ಇತ್ತು ಅಂತ ನಾನು ಹೇಳುತ್ತಿಲ್ಲ. ಬರೀ ಶೀತವೂ ಇರಬಹುದು. ಊರು ಯಾವುದು, ಕಾಡಿಗೆ ಹೋಗಿದ್ದೆಯಾ, ಉಣುಗು ಕಚ್ಚಿತ್ತಾ, ಲೈನ್‌ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ ಅಂತ ಕೇಳಲು ವೆಂಟಿಲೇಟರೂ ಬೇಡ, ಫ್ಯಾನೂ ಬೇಡ. ಆದರೆ ಅವತ್ತಿನ ಪ್ರಶ್ನೆಗಳೆಲ್ಲ ಸ್ಟ್ರೆಚರ್ ಮೇಲೆ ಮಲಗಿದ್ದವನಿಗೆ ಖರ್ಚಾಗಿದ್ದವು. ನಾನೂ ಕೇಳಲಿಲ್ಲ. ಒಂದು ಬೆಂಚು ಆಚೆ ಸರಿದು ಕೂತೆ, ಅಷ್ಟೇ.

ಒಂದೂವರೆಗೆ ತಂಡ, ಡಾಕ್ಟರು ಎಲ್ಲರೂ ಊಟಕ್ಕೆ ಹೋದರು. ಕಡಂಬುಟ್ಟು, ಪಂದಿಕರಿ. ಸಿಸ್ಟರ್ ಹೊರಗೆ ಬಂದು ಅವನಿಗೆ ಆರು ಪ್ಯಾರಾಸಿಟಮಾಲ್ ಕೊಟ್ಟು, ‘ಕಡಿಮೆಯಾಗದಿದ್ದರೆ ನಾಳೆ ಬನ್ನಿ’ ಎಂದರು. ಬೆಳಗ್ಗೆಯಿಂದ ನಿಂತು ನಿಂತು ಅವರ ಕಾಲೂ ಊದಿತ್ತು.

ಅಷ್ಟರಲ್ಲಿ ಅಣಕು ರೋಗಿ ಎದ್ದು, ಕೈಗೆ ಅಂಟಿಸಿದ್ದ ಪಟ್ಟಿ ಕಿತ್ತು, ಬೀಡಿಗೆಂದು ಗೇಟಿನ ಹತ್ತಿರ ಬಂದ. ಜ್ವರದ ಆಳು ತೂರಾಡುವುದನ್ನು ನೋಡಿ ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿದ. ಬಸ್ಸು ಅಲುಗಿದಾಗ ಕಿಟಕಿಯ ಕೆಳಗೆ ನಿಂತು, ‘ಯಾವೂರಣ್ಣ ನಿಂದು?’ ಅಂತ ಕೂಗಿದ.

ಒಳಗಿನವನು ಏನೋ ಹೇಳಿದ. ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ.