ಅರ್ಜಿಯಲ್ಲಿ ಅಜ್ಜಿಗೆ ಜಾಗವಿಲ್ಲ

ಉಡುಪಿಯಲ್ಲಿ ಹುಟ್ಟಿ ಬೆಳೆದ ನಾನು ಹನ್ನೊಂದು ವರ್ಷಗಳಿಂದ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿದ್ದೇನೆ. ಈ ಮಳೆಗಾಲದಲ್ಲಿ ಊರಿಗೆ ಬಂದಾಗ, ಮೂರು ವರ್ಷ ತುಂಬಿದ ಅಕ್ಕನ ಮಗನನ್ನು ಹೊಸದಾಗಿ ಸೇರಿಸಿದ್ದ ಖಾಸಗಿ ಶಿಶುವಿಹಾರಕ್ಕೆ ಬಿಟ್ಟು ಬರುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ಮನೆಯವರಿಗೆ ಗೇಟಿನವರೆಗೆ ಮಾತ್ರ ಪ್ರವೇಶ. ಆಯಾ ಬಂದು ಮಗುವಿನ ಕೈ ಹಿಡಿದು ಒಳಗೆ ಕರೆದೊಯ್ಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬಣ್ಣದ ಕಾಗದದ ಟೋಪಿ ಹಾಕಿಕೊಂಡ ಮಕ್ಕಳ ಫೋಟೊ ಅಕ್ಕನ ವಾಟ್ಸಾಪ್‌ಗೂ ದುಬೈಯಲ್ಲಿರುವ ಭಾವನ ವಾಟ್ಸಾಪ್‌ಗೂ ಬಂದು ಬೀಳುತ್ತದೆ. ಪೋಷಕರೊಂದಿಗಿನ ಸಂಪರ್ಕವೆಂದು ಸಂಸ್ಥೆಯವರು ಕರೆಯುವುದು ಇದನ್ನೇ.

ಎರಡನೆಯ ವಾರ ಹುಡುಗ ಅತ್ತು ಕೆಂಪಾದ ಮುಖದೊಂದಿಗೆ ಹೊರಬಂದ. ಬೆಳಗ್ಗಿನಿಂದ ಅವನು ‘ಬಡವಾಪುಂಡು, ಬಡವಾಪುಂಡು’ ಎನ್ನುತ್ತಲೇ ಇದ್ದನಂತೆ. ತುಳುವಿನಲ್ಲಿ ಹಸಿವಾಗುತ್ತಿದೆ ಎನ್ನಲು ಇರುವ ಈ ಮಾತು ಘಟ್ಟದ ಮೇಲಿನಿಂದ ಬಂದ ಆ ಎಳೆಯ ಟೀಚರಿಗೆ ಅರ್ಥವಾಗಿರಲಿಲ್ಲ. ಬಡವನ ವಿಷಯ ಇವನೇಕೆ ಎತ್ತುತ್ತಿದ್ದಾನೆ ಎಂದುಕೊಂಡರೋ ಏನೋ. ತಪ್ಪು ಅವರದಲ್ಲ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಹಸಿವೆಗೆ, ಮೂತ್ರಕ್ಕೆ, ನೋವಿಗೆ ಮಗು ಯಾವ ಮಾತು ಬಳಸುತ್ತದೆ ಎಂದು ಸೇರಿಸಿಕೊಳ್ಳುವಾಗ ಯಾರೂ ಕೇಳಿರಲಿಲ್ಲ. ಅಕ್ಕ ಹೋಗಿ ವಿಚಾರಿಸಿದಾಗ, ಮನೆಯಲ್ಲಿಯೂ ಇಂಗ್ಲಿಷಿನಲ್ಲಿ ಮಾತನಾಡಿಸಿದರೆ ಮಗು ಬೇಗ ಹೊಂದಿಕೊಳ್ಳುತ್ತದೆ ಎಂಬ ಸಲಹೆ ಸಿಕ್ಕಿತು. 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮನೆಮಾತಿಗೆ ಅಷ್ಟೊಂದು ಒತ್ತು ಕೊಟ್ಟಿರುವಾಗ ಈ ಸಲಹೆ ನನಗೆ ವಿಚಿತ್ರವೆನಿಸಿತು.

ನನ್ನ ಮಗಳನ್ನು ವೆಲ್ಲಿಂಗ್ಟನ್‌ನ ಶಿಶುಪಾಲನಾ ಕೇಂದ್ರಕ್ಕೆ ಸೇರಿಸಿದಾಗ ಅಲ್ಲಿನ ಶಿಕ್ಷಕಿ ಮೊದಲ ಅರ್ಧ ಗಂಟೆ ಕೇಳಿದ್ದು ಇಂಥ ಪ್ರಶ್ನೆಗಳನ್ನೇ. ಅದು ಅವರೊಬ್ಬರ ಒಳ್ಳೆಯತನವಷ್ಟೇ ಆಗಿರಲಿಲ್ಲ. ಆ ದೇಶದಲ್ಲಿ 1996ರಲ್ಲಿ ರೂಪುಗೊಂಡು 2017ರಲ್ಲಿ ಪರಿಷ್ಕೃತವಾದ ‘ತೆ ಫಾರಿಕಿ’ ಎಂಬ ಶಿಶುಶಿಕ್ಷಣದ ಪಠ್ಯಕ್ರಮದ ನಾಲ್ಕು ತತ್ತ್ವಗಳಲ್ಲಿ ಕುಟುಂಬ ಮತ್ತು ಸಮುದಾಯ ಎಂಬುದೂ ಒಂದು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಭಾಷೆಯ ಆ ಹೆಸರಿಗೆ ಹೆಣೆದ ಚಾಪೆ ಎಂದು ಅರ್ಥ. ಮುಂಡೇವಿನ ಓಲೆಯ ಚಾಪೆಯ ಮೇಲೆ ಮಲಗಿ ಬೆಳೆದ ನನಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ. ಅವರು ಕುಟುಂಬಕ್ಕೆ ಬಳಸುವ ‘ಫಾನೌ’ ಎಂಬ ಮಾತಿನಲ್ಲಿ ಅಜ್ಜ, ಅಜ್ಜಿ, ಮಾವಂದಿರೆಲ್ಲ ಸೇರುತ್ತಾರೆ.

ನಮ್ಮ ಜಿಲ್ಲೆಯಲ್ಲಿಯೂ ಕುಟುಂಬವೆಂದರೆ ಅಷ್ಟೇ ದೊಡ್ಡದು. ವಂಶ, ಆಸ್ತಿಗಳು ತಾಯಿಯ ಕಡೆಯಿಂದ ಸಾಗುವ ಅಳಿಯಕಟ್ಟು ನಡೆಸಿಕೊಂಡು ಬಂದ ಮನೆತನಗಳಲ್ಲಿ ತಾಯಿಯ ತಾಯಿ ಮತ್ತು ಸೋದರಮಾವನ ಮಾತಿಗೆ ಇರುವ ತೂಕ ಎಲ್ಲರಿಗೂ ಗೊತ್ತು. ಗಂಡಸರು ಕೊಲ್ಲಿ ದೇಶದಲ್ಲೋ ಮುಂಬೈಯಲ್ಲೋ ದುಡಿಯುವ, ಹೆಂಗಸರೂ ಬೆಳಗ್ಗೆ ಕೆಲಸಕ್ಕೆ ಹೊರಡುವ ಮನೆಗಳಲ್ಲಿ ಮಗುವಿಗೆ ಉಣ್ಣಿಸಿ ಮಲಗಿಸುವವರು ಅಜ್ಜಿಯೇ. ಹೀಗಿದ್ದರೂ ಶಿಶುವಿಹಾರದ ಅರ್ಜಿಯಲ್ಲಿ ಇದ್ದದ್ದು ಎರಡೇ ಗೆರೆ, ತಂದೆಯ ಹೆಸರಿಗೊಂದು, ತಾಯಿಯ ಹೆಸರಿಗೊಂದು.

ವೆಲ್ಲಿಂಗ್ಟನ್‌ನಲ್ಲಿ ಎಲ್ಲವೂ ಸುಸೂತ್ರವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮೊಂದಿಗೆ ಆರು ತಿಂಗಳಿದ್ದ ನನ್ನ ಅಮ್ಮ ಮೊಮ್ಮಗಳಿಗೆ ಕೈತುತ್ತು ಕೊಟ್ಟು ರೂಢಿ ಮಾಡಿದ್ದರು; ಮಗು ತಾನೇ ತಿನ್ನಬೇಕು, ಚೆಲ್ಲಿದರೆ ಚೆಲ್ಲಲಿ ಎಂಬುದು ಶಿಕ್ಷಕಿಯ ಪಟ್ಟು. ನಾನು ನಡುವೆ ದುಭಾಷಿಯಾಗಿ ಕುಳಿತು ಇಬ್ಬರ ಮಾತನ್ನೂ ಆದಷ್ಟು ಮೆದುಗೊಳಿಸಿ ದಾಟಿಸಿದೆ. ಕೊನೆಗೆ ಮಗು ಚಮಚದ ಗೊಡವೆಯಿಲ್ಲದೆ ತನ್ನ ಕೈಯಿಂದಲೇ ಮೊಸರನ್ನ ತಿನ್ನುವುದೆಂದು ತೀರ್ಮಾನವಾಯಿತು. ಶಿಕ್ಷಕಿ ಸೋಲಲಿಲ್ಲ, ಅಮ್ಮನೂ ಸೋಲಲಿಲ್ಲ. ನೆಲ ಒರೆಸುವ ಕೆಲಸ ಮಾತ್ರ ಹೆಚ್ಚಿತು. ಎರಡು ಕಡೆಯವರಿಗೂ ಬೇಡ ಎನ್ನುವ ಹಕ್ಕು ಇದ್ದುದರಿಂದಲೇ ಈ ಒಪ್ಪಂದ ಸಾಧ್ಯವಾಯಿತು ಎಂದು ನನ್ನ ಅನಿಸಿಕೆ. ಆ ದೇಶದಲ್ಲಿ 1941ರಲ್ಲಿ ಆರಂಭವಾದ ‘ಪ್ಲೇಸೆಂಟರ್’ಗಳನ್ನಂತೂ ಇಂದಿಗೂ ತಂದೆತಾಯಂದಿರೇ ಕೂಡಿ ನಡೆಸುತ್ತಾರೆ. ಉಳಿದ ಕೇಂದ್ರಗಳ ಶುಲ್ಕ ಮಾತ್ರ ಕೈ ಸುಡುವಂಥದು.

ಮನೆಗಳೊಂದಿಗಿನ ನಂಟಿನಲ್ಲಿ ನಮ್ಮ ಅಂಗನವಾಡಿಗಳು ಆ ವಿದೇಶಿ ಕೇಂದ್ರಗಳಿಗಿಂತ ಮುಂದಿವೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಬಲವಿರುವುದೇ ಕಾರ್ಯಕರ್ತೆ ಅದೇ ಊರಿನವರಾಗಿರುವುದರಲ್ಲಿ. ಅಕ್ಕನ ಮನೆಯ ಸಮೀಪದ ಅಂಗನವಾಡಿ ಟೀಚರ್‌ಗೆ ಯಾರ ಮನೆಯಲ್ಲಿ ಬಾಣಂತಿ ಇದ್ದಾರೆ, ಯಾವ ಮಗು ಅಜ್ಜಿಯ ಆಶ್ರಯದಲ್ಲಿದೆ ಎಂಬುದೆಲ್ಲ ಬಾಯಿಪಾಠ. ‘ಬಡವಾಪುಂಡು’ ಅವರಿಗೂ ಹುಟ್ಟಿನಿಂದ ಬಂದ ಮಾತು. ಆದರೆ ಅಲ್ಲಿಯೂ ಮಾತು ಹೆಚ್ಚಾಗಿ ಒಂದೇ ಕಡೆಗೆ ಹರಿಯುತ್ತದೆ. ತೂಕ ಕಡಿಮೆಯಿದೆ, ಮೊಟ್ಟೆ ಕೊಡಿ, ಲಸಿಕೆ ಹಾಕಿಸಿ ಎಂಬ ಸೂಚನೆಗಳು ಮನೆಗೆ ಬರುತ್ತವೆ. ಮನೆಯವರ ಅಭಿಪ್ರಾಯ ಅಂಗನವಾಡಿಗೆ ಹೋಗಲು ಬಾಲವಿಕಾಸ ಸಮಿತಿ ಇದೆಯಾದರೂ ನಮ್ಮ ಓಣಿಯಲ್ಲಿ ಅದರ ಸಭೆಗೆ ಹೋದೆನೆಂದು ಹೇಳಿದವರು ನನಗೆ ಒಬ್ಬರೂ ಸಿಗಲಿಲ್ಲ. ಮನೆಭೇಟಿಯ ಜೊತೆಗೆ ದಾಖಲೆ, ಮೊಬೈಲ್ ಆ್ಯಪ್, ಸಮೀಕ್ಷೆಗಳ ಹೊರೆ ಹೊತ್ತ ಕಾರ್ಯಕರ್ತೆಗೆ ಕುಳಿತು ಕೇಳುವ ಪುರಸೊತ್ತು ಎಲ್ಲಿಂದ ಬರಬೇಕು?

ಖಾಸಗಿ ಶಿಶುವಿಹಾರಗಳಿಗೆ ಆ ಹೊರೆಯೂ ಇಲ್ಲ. ಅರ್ಜಿಯಲ್ಲಿ ಮಗುವನ್ನು ಹಗಲಿನಲ್ಲಿ ನೋಡಿಕೊಳ್ಳುವವರ ಹೆಸರಿಗೊಂದು ಗೆರೆ, ಅದರ ಮನೆಮಾತಿನ ಹತ್ತು ಪದಗಳಿಗೆ ಒಂದಿಷ್ಟು ಜಾಗ, ಮೊದಲ ವಾರ ಅಜ್ಜಿಗೆ ಒಳಗೆ ಒಂದು ಕುರ್ಚಿ, ಇಷ್ಟನ್ನು ಕೊಡಲು ಖರ್ಚೇನೂ ಬೀಳದು. ಹೊರಡುವ ಮುನ್ನ ಅಕ್ಕನೊಂದಿಗೆ ಹೋಗಿ ಇದನ್ನೇ ಕೇಳಿಕೊಂಡೆ. ಮುಖ್ಯಸ್ಥೆ ಸೌಜನ್ಯದಿಂದಲೇ ಕೇಳಿಸಿಕೊಂಡು, ಅಜ್ಜಿ ಒಳಗೆ ಬಂದು ಕೂರುವುದಾದರೆ ತಂದೆಯ ಸಹಿಯಿರುವ ಪತ್ರ ಬೇಕು ಎಂದರು. ಭಾವ ಊರಿಗೆ ಬರುವುದು ಮುಂದಿನ ಏಪ್ರಿಲ್‌ಗೆ.