ಹಾಜರಿ ನೂರಕ್ಕೆ ನೂರು, ಹುಡುಗಿ ಊರಲ್ಲೇ

ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡೋ ಯುಜಿಸಿಯವ್ರು 2020ರಲ್ಲಿ ದೂರಶಿಕ್ಷಣಕ್ಕೆ ಅಂತ ಹೊಸ ರೂಲ್ಸ್ ಮಾಡಿದ್ರು. ಯಾವ್ಯಾವ ಕೋರ್ಸನ್ನ ಮನೇಲಿ ಕೂತು ಓದೋ ಹಾಗಿಲ್ಲ ಅಂತ ಅದ್ರಲ್ಲೊಂದು ಪಟ್ಟಿ ಇದೆ, ಮೆಡಿಕಲ್ಲು, ಡೆಂಟಲ್ಲು, ಫಾರ್ಮಸಿ, ಲಾ, ಹೋಟೆಲ್ ಮ್ಯಾನೇಜ್‌ಮೆಂಟು, ಇವುಗಳ ನಡುವೆ ನರ್ಸಿಂಗೂ ಇದೆ. ಸರೀನೇ ಅಲ್ವಾ, ನರ ಹುಡುಕಿ ಡ್ರಿಪ್ಪಿನ ಸೂಜಿ (ಕ್ಯಾನುಲಾ) ಹಾಕೋದನ್ನ ಅಂಚೇಲಿ ಬಂದ ಪುಸ್ತಕ ನೋಡ್ಕೊಂಡು ಕಲಿತವ್ರ ಮುಂದೆ ಯಾರು ತಾನೇ ಕೈ ಚಾಚ್ತಾರೆ, ನಾನಂತೂ ಚಾಚಲ್ಲ. ಅಪರೂಪಕ್ಕೊಂದು ಬುದ್ಧಿವಂತಿಕೆಯ ಕೆಲಸ ಆಗಿದೆ ಅಂತ ಖುಷಿ ಪಡೋಣ ಅಂದ್ರೆ, ನಮ್ಮ ಕೆಲವು ಕಾಲೇಜು ಮಾಲೀಕರು ಆ ರೂಲ್ಸನ್ನ ಅರ್ಥ ಮಾಡ್ಕೊಂಡಿರೋ ರೀತಿನೇ ಬೇರೆ. ದೂರಶಿಕ್ಷಣ ಅಂತ ಬರೀಬಾರ್ದು, ಅಷ್ಟೇ ತಾನೇ? ರೆಗ್ಯುಲರ್ ಅಂತ ಬರೆದ್ರಾಯ್ತು.

ಗೊತ್ತಿಲ್ಲದವ್ರಿಗೆ ಹೇಳ್ತೀನಿ, ನಮ್ಮಲ್ಲಿ 'ನಾನ್ ಅಟೆಂಡಿಂಗ್' ಅಂತ ಒಂದು ಸೌಲಭ್ಯ ಇದೆ. ಪ್ರಾಸ್ಪೆಕ್ಟಸ್ಸಲ್ಲಿ ಹುಡುಕ್ಬೇಡಿ ಸಿಗಲ್ಲ, ಅದೇನಿದ್ರೂ ಏಜೆಂಟ್ ಬಾಯಲ್ಲಿ ಮಾತ್ರ ಇರೋದು. ಹೋಟೆಲಲ್ಲಿ ವೆಜ್ಜಾ ನಾನ್ ವೆಜ್ಜಾ ಅಂತ ಕೇಳೋ ಹಾಗೆ ಅಟೆಂಡಿಂಗಾ ನಾನ್ ಅಟೆಂಡಿಂಗಾ ಅಂತ ಕೇಳ್ತಾನೆ. ನಾನ್ ಅಟೆಂಡಿಂಗ್ ಅಂದ್ರೆ ನೀವು ಕೊಲ್ಕತ್ತಾದಲ್ಲಾದ್ರೂ ಇರಿ ಕೊಟ್ಟಾಯಂನಲ್ಲಾದ್ರೂ ಇರಿ, ಅಲ್ಲೇ ಯಾವುದೋ ನರ್ಸಿಂಗ್ ಹೋಮಲ್ಲೋ ಬಟ್ಟೆ ಅಂಗಡೀಲೋ ಕೆಲಸ ಮಾಡ್ಕೊಂಡಿರಿ, ಪರೀಕ್ಷೆ ಹೊತ್ತಿಗೆ ರೈಲು ಹತ್ತಿ ಬನ್ನಿ, ಬರೀರಿ, ವಾಪಸ್ ಹೋಗಿ. ನಾಲ್ಕು ವರ್ಷ ಆದ್ಮೇಲೆ ಬಿಎಸ್ಸಿ ನರ್ಸಿಂಗ್. ಮಾರ್ಕ್ಸ್ ಕಾರ್ಡಲ್ಲಿ ಎಲ್ಲೂ ದೂರ ಅನ್ನೋ ಪದ ಇಲ್ಲ. ರೈಲ್ ಟಿಕೆಟ್ಟಲ್ಲಿ ಮಾತ್ರ ಇದೆ, ಅದನ್ನ ಯಾವ ನರ್ಸಿಂಗ್ ಕೌನ್ಸಿಲೂ ಕೇಳಲ್ಲ.

ಈಗ ಅಸಲಿ ದೂರಶಿಕ್ಷಣದ ಕಥೆ ಕೇಳಿ. ಇಗ್ನೋ, ಅಂದ್ರೆ ಇಂದಿರಾ ಗಾಂಧಿ ಮುಕ್ತ ವಿವಿಯಲ್ಲಿ, ಈಗಾಗ್ಲೇ ನರ್ಸ್ ಆಗಿರೋರಿಗೆ ಅಂತ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಅನ್ನೋ ಕೋರ್ಸ್ ಇದೆ, ನರ್ಸಿಂಗ್ ಓದಿಗೆ ರೂಲ್ಸ್ ಮಾಡೋ ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲೇ (ಐಎನ್‌ಸಿ) ಒಪ್ಪಿಕೊಂಡಿರೋದು. ಪಿಯುಸಿ ಮುಗಿಸಿದವ್ರೆಲ್ಲ ಸೇರೋ ಹಾಗಿಲ್ಲ. ಮೊದಲು ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮಾಡಿರಬೇಕು, ಕೌನ್ಸಿಲಲ್ಲಿ ರಿಜಿಸ್ಟರ್ ಆಗಿರಬೇಕು, ವರ್ಷಗಟ್ಟಲೆ ಡ್ಯೂಟಿ ಮಾಡಿದ ಅನುಭವ ಇರಬೇಕು, ಅದಾದ್ಮೇಲೆ ಎಂಟ್ರೆನ್ಸ್ ಪರೀಕ್ಷೆ. ಕಾಲೇಜಿಗೆ ಹೋಗಿ ಓದಿದ್ರೆ ಎರಡು ವರ್ಷಕ್ಕೆ ಮುಗಿಯೋ ಕೋರ್ಸಿಗೆ ಇಲ್ಲಿ ಕಮ್ಮಿ ಅಂದ್ರೂ ಮೂರು ವರ್ಷ, ಜೊತೆಗೆ ಪ್ರಾಕ್ಟಿಕಲ್ಲಿಗೆ ಸೆಂಟರಿಗೆ ಹೋಗ್ಲೇಬೇಕು, ತಪ್ಪಿಸ್ಕೊಳ್ಳೋ ಹಾಗಿಲ್ಲ. ಅಂದ್ರೆ ಹಗಲು ರಾತ್ರಿ ವಾರ್ಡಲ್ಲೇ ಇರೋ ಹೆಂಗಸು, ನೈಟ್ ಡ್ಯೂಟಿ ಮುಗಿಸಿ ಮಕ್ಕಳನ್ನ ಸ್ಕೂಲಿಗೆ ಕಳಿಸಿ, ಅಸೈನ್‌ಮೆಂಟ್ ಬರ್ದು, ರಜೆಗೆ ಸೂಪರಿಂಟೆಂಡೆಂಟ್ ಮುಂದೆ ಕೈ ಮುಗಿದು, ಪಡೆದ ಡಿಗ್ರಿ ಅದು. ಸರ್ಕಾರಿ ಭಾಷೇಲಿ ಆಕೆ ಓದಿದ್ದು ದೂರದಿಂದ. ರೋಗಿಗೂ ಆಕೆಗೂ ಮಧ್ಯ ಇದ್ದ ದೂರ ಒಂದು ಗೇಣು.

ನನಗೆ ಪರಿಚಯದ ಸಿಸ್ಟರ್ ಒಬ್ರು ಆ ಡಿಗ್ರಿ ಹಿಡ್ಕೊಂಡು ಒಂದು ಆಫೀಸಿನ ಕೌಂಟರಿಗೆ ಹೋಗಿದ್ರು, ಯಾವ ಆಫೀಸು ಅನ್ನೋದು ಬೇಡ. ಕೌಂಟರಲ್ಲಿದ್ದವ್ರು ಸರ್ಟಿಫಿಕೇಟನ್ನ ಬೆಳಕಿಗೆ ಹಿಡಿದು ನೋಡಿ "ಏನ್ ಮೇಡಂ, ಇದು ಕರೆಸ್ಪಾಂಡೆನ್ಸಾ?" ಅಂದ್ರಂತೆ.

"ಇಗ್ನೋ ಸರ್, ಐಎನ್‌ಸಿ ಅಪ್ರೂವ್ಡ್, ಇಲ್ಲಿದೆ ನೋಡಿ ಲೆಟರ್ರು."

"ಅದೆಲ್ಲ ಸರಿ, ಕರೆಸ್ಪಾಂಡೆನ್ಸ್ ತಾನೇ?"

"ಹೌದು, ಆದ್ರೆ ನಾನು ಹದಿನಾಲ್ಕು ವರ್ಷದಿಂದ ಸ್ಟಾಫ್ ನರ್ಸು ಸರ್."

"ಕೆಲಸ ಯಾರ್ ಕೇಳಿದ್ರಮ್ಮ, ಕ್ಲಾಸಿಗೆ ಹೋಗಿದ್ರಾ ಇಲ್ವಾ ಅದನ್ನ ಹೇಳಿ."

ಫೈಲು ಕ್ಲಾರಿಫಿಕೇಶನ್ನಿಗೆ ಹೋಯ್ತು. ಕ್ಲಾರಿಫಿಕೇಶನ್ನಿಗೆ ಹೋದ ಫೈಲು ಯಾವಾಗ ವಾಪಸ್ ಬರುತ್ತೆ ಅಂತ ನಾನು ನಿಮಗೆ ಹೇಳಿಕೊಡ್ಬೇಕಾ. ಆದ್ರೆ ಕೌಂಟರಿನವ್ರನ್ನ ಪೂರ್ತಿ ಬೈಯೋಕೂ ಮನಸ್ಸು ಬರಲ್ಲ ಬಿಡಿ, ನಮ್ಮಲ್ಲಿ ದೂರಶಿಕ್ಷಣ ಅಂದ್ರೆ ಬಿಸಿ ತಾಗಿಸ್ಕೊಂಡವ್ರೇ ಎಲ್ಲ. ಮೈಸೂರಿನ ಮುಕ್ತ ವಿವಿ ರಾಜ್ಯದ ಗಡಿ ದಾಟಿ ಎಲ್ಲೆಲ್ಲೋ ಯಾರ್ಯಾರದೋ ಸಂಸ್ಥೆಗಳ ಜೊತೆ ಸೇರ್ಕೊಂಡು ಟೆಕ್ನಿಕಲ್ಲು ಪ್ಯಾರಾಮೆಡಿಕಲ್ಲು ಅಂತ ಕೋರ್ಸ್ ನಡೆಸೋಕೆ ಹೋಗಿ, 2015ರಲ್ಲಿ ಯುಜಿಸಿ ಮಾನ್ಯತೆ ಇಲ್ಲ ಅಂದ್ಬಿಟ್ಟು, 2018ರವರೆಗೂ ಬಿಎ ಬಿಕಾಂ ಮಾಡಿದ ಪಾಪದ ಹುಡುಗ್ರೂ ಸರ್ಟಿಫಿಕೇಟ್ ಹಿಡ್ಕೊಂಡು ಅಲೆದಿದ್ದು ನೆನಪಿದೆಯಲ್ಲ. ಅವತ್ತಿಂದ ದೂರ ಅನ್ನೋ ಪದ ಕಂಡ್ರೆ ಗುಮಾಸ್ತರ ಪೆನ್ನು ತಾನಾಗೇ ನಿಲ್ಲುತ್ತೆ. ರೆಗ್ಯುಲರ್ ಅನ್ನೋ ಪದ ಕಂಡ್ರೆ ತಾನಾಗೇ ಓಡುತ್ತೆ, ಸಮಸ್ಯೆ ಇರೋದು ಅಲ್ಲಿ.

ಯಾಕಂದ್ರೆ ಈ ರೆಗ್ಯುಲರ್ ಕಾಗದದ ಮೇಲೆ ಎಷ್ಟು ರೆಗ್ಯುಲರ್ ಅಂದ್ರೆ ನೋಡಿದ್ರೆ ಕಣ್ಣು ತುಂಬಿ ಬರುತ್ತೆ. ಐಎನ್‌ಸಿ ರೂಲ್ಸ್ ಪ್ರಕಾರ ಪರೀಕ್ಷೆಗೆ ಕೂರೋಕೆ 80 ಪರ್ಸೆಂಟ್ ಹಾಜರಿ ಬೇಕು, ಜ್ವರ ಬಂದಿತ್ತು ಮದುವೆ ಇತ್ತು ಅನ್ನೋ ನೆಪ ನಡೆಯಲ್ಲ. ಕ್ಲಿನಿಕಲ್ಲಿಗಂತೂ, ಅಂದ್ರೆ ವಾರ್ಡಲ್ಲಿ ಮಾಡೋ ತರಬೇತಿಗೆ, ಡಿಗ್ರಿ ಕೈಗೆ ಬರೋ ಮುಂಚೆ ನೂರಕ್ಕೆ ನೂರು ಆಗಿರಬೇಕು. ನೂರಕ್ಕೆ ನೂರು! ನಮ್ಮ ವಿಧಾನಸೌಧದಲ್ಲೂ ಇಲ್ಲದ ಶಿಸ್ತು. ನಾನ್ ಅಟೆಂಡಿಂಗ್ ಹುಡುಗೀರಿಗೂ ನೂರಕ್ಕೆ ನೂರೇ ಇರುತ್ತೆ, ನಿಜ ಹೇಳ್ಬೇಕಂದ್ರೆ ದಿನಾ ಕಾಲೇಜಿಗೆ ಬರೋ ಹುಡುಗೀರಿಗೆ ಬೇಕಾದ್ರೆ ಒಂದೆರಡು ಪರ್ಸೆಂಟ್ ಶಾರ್ಟೇಜ್ ಬಂದು ಫೈನ್ ಕಟ್ಟಿರ್ತಾರೆ. ಬರದೇ ಇರೋರಿಗೆ ಶಾರ್ಟೇಜ್ ಬರೋ ಪ್ರಶ್ನೇನೇ ಇಲ್ಲ, ರಿಜಿಸ್ಟರನ್ನ ವರ್ಷದ ಕೊನೇಲಿ ಒಂದೇ ಪೆನ್ನಲ್ಲಿ ತುಂಬ್ತಾರಲ್ಲ.

ಕೇಸ್ ಬುಕ್ ಅಂತ ಇನ್ನೊಂದಿದೆ. ಹಳೇ ಸಿಲಬಸ್ ಪ್ರಕಾರ ಬಿಎಸ್ಸಿ ಹುಡುಗಿ 20 ಹೆರಿಗೆ ತಾನೇ ಮಾಡಿಸಿ, ಒಂದೊಂದನ್ನೂ ಅದ್ರಲ್ಲಿ ಬರೀಬೇಕು. ತಾಯಿ ಹೆಸ್ರು, ವಯಸ್ಸು, ನೋವು ಶುರುವಾದ ಟೈಮು, ಮಗುವಿನ ತೂಕ, ಎಲ್ಲ. ವಾರ್ಡೇ ನೋಡದವ್ರು ಇದನ್ನ ಹೆಂಗ್ ಬರೀತಾರೆ? ಸೀನಿಯರ್ ಪುಸ್ತಕ ನೋಡಿ. ಆ ಸೀನಿಯರ್ರು? ಅವ್ರ ಸೀನಿಯರ್ ಪುಸ್ತಕ ನೋಡಿ. ಹಾಗಾಗಿ ಅದೇ ತಾಯಿ ಪ್ರತಿ ಬ್ಯಾಚಿಗೂ ಒಂದ್ಸಲ ಹೆರ್ತಾಳೆ, ಪ್ರತಿ ಸಲವೂ ಗಂಡು ಮಗು, ಎರಡು ಕೆಜಿ ಎಂಟುನೂರು ಗ್ರಾಮು, ಹುಟ್ಟಿದ ತಕ್ಷಣ ಅತ್ತಿತು, ಬಾಣಂತಿ ಆರೋಗ್ಯವಾಗಿದ್ದಾಳೆ. ಆ ಮಗು ಈ ಹೊತ್ತಿಗೆ ತಾನೇ ನರ್ಸಿಂಗ್ ಸೇರೋ ವಯಸ್ಸಿಗೆ ಬಂದಿರಬೇಕು. ಇಂಥ ಪುಸ್ತಕಗಳಲ್ಲಿ ಒಬ್ಬಳು ತಾಯೀನೂ ಸಾಯಲ್ಲ, ಒಂದು ಮಗೂನೂ ಉಸಿರು ಕಟ್ಟಿ ನೀಲಿ ಆಗಲ್ಲ, ಕೇರಳ ಏನು ಸ್ವೀಡನ್ನೂ ಬಂದು ಕಲಿಬೇಕು ನಮ್ಮಿಂದ.

ಇದನ್ನೆಲ್ಲ ಹಿಡಿಯೋಕೇ ಇನ್‌ಸ್ಪೆಕ್ಷನ್ ಅನ್ನೋದು ಇರೋದು. ಕಾಲೇಜಿಗೆ ಪೇರೆಂಟ್ ಹಾಸ್ಪಿಟಲ್ ಅಂತ ಸ್ವಂತದ್ದೊಂದು 100 ಬೆಡ್ಡಿನ ಆಸ್ಪತ್ರೆ ಬೇಕು, ಬೆಡ್ಡು ಇದ್ರೆ ಸಾಲ್ದು 75 ಪರ್ಸೆಂಟಾದ್ರೂ ತುಂಬಿರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದ್ರೂ ಇರಬೇಕು ಅಂತೆಲ್ಲ ಲೆಕ್ಕ ಇದೆ. ಇಷ್ಟೆಲ್ಲ ಲೆಕ್ಕ ನೋಡೋಕೆ ಬರೋ ಟೀಮು ಯಾವತ್ತು ಬರುತ್ತೆ ಅಂತ ಕಾಲೇಜಿನ ವಾಚ್‌ಮನ್ನಿಗೂ ಗೊತ್ತಿರುತ್ತೆ. ಅವತ್ತು ಬೆಳಿಗ್ಗೆ ಊರಿನ ಆರೋಗ್ಯ ಇದ್ದಕ್ಕಿದ್ದಂಗೆ ಕೆಡುತ್ತೆ. ಕಟ್ಟಡದ ಕೆಲಸದವ್ರು, ಮಾಲೀಕರ ತೋಟದ ಆಳುಗಳು, ಡ್ರೈವರ್ ಅತ್ತೆ, ಎಲ್ಲರೂ ಬೆಡ್ ಹಿಡಿದು ಮಲಗ್ತಾರೆ, ಪಕ್ಕದಲ್ಲಿ ಬಾಟಲಿ ನೇತಾಡ್ತಿರುತ್ತೆ. ಇನ್ಯಾವುದೋ ಊರಿನ ಪ್ರೊಫೆಸರ್ ಮೇಡಂ ರಾತ್ರಿ ಬಸ್ಸಲ್ಲಿ ಬಂದು ಸೀರೆ ಉಟ್ಕೊಂಡು ಎಚ್‌ಓಡಿ ಕುರ್ಚೀಲಿ ಕೂತಿರ್ತಾರೆ. ಸಂಜೆ ನಾಲ್ಕಕ್ಕೆ ಟೀಮ್ ಗೇಟ್ ದಾಟಿದ್ದೇ ತಡ, ಎಲ್ಲ ರೋಗಿಗಳೂ ಒಟ್ಟಿಗೆ ಗುಣ ಆಗಿ ಕೂಲಿ ಇಸ್ಕೊಂಡು ಮನೆಗೆ ಹೋಗ್ತಾರೆ. ಪವಾಡ ಅಂದ್ರೆ ಇದಪ್ಪ.

ನಮ್ಮಲ್ಲಿ ಮಾತ್ರ ಅಂತ ಬೇಜಾರು ಮಾಡ್ಕೋಬೇಡಿ. ಮಧ್ಯಪ್ರದೇಶದಲ್ಲಿ ಹೈಕೋರ್ಟು ನರ್ಸಿಂಗ್ ಕಾಲೇಜುಗಳನ್ನ ನೋಡಿ ಬನ್ನಿ ಅಂತ ಸಿಬಿಐನೇ ಕಳಿಸ್ತು, ಮುನ್ನೂರಕ್ಕೂ ಜಾಸ್ತಿ ಕಾಲೇಜು. ಹೋದವ್ರು ನೋಡ್ಕೊಂಡು ಬಂದ್ರು. 2024ರ ಮೇ ತಿಂಗಳಲ್ಲಿ ಸಿಬಿಐ ತನ್ನದೇ ಇನ್‌ಸ್ಪೆಕ್ಟರನ್ನ ಹಿಡ್ಕೊಳ್ತು, ಕಾಲೇಜು ಚೆನ್ನಾಗಿದೆ ಅಂತ ಬರೆಯೋಕೆ ಲಂಚ ತಗೊಂಡ ಆರೋಪದ ಮೇಲೆ. ತನಿಖೆ ಮಾಡಿದವ್ರ ಮೇಲೇ ತನಿಖೆ, ಸರಿ ಇದೆ ಅಂದಿದ್ದ ಕಾಲೇಜುಗಳಿಗೆ ಮತ್ತೆ ಇನ್‌ಸ್ಪೆಕ್ಷನ್ನು. ಅಮೆರಿಕದವ್ರೂ ಏನ್ ಕಮ್ಮಿ ಇಲ್ಲ, ಫ್ಲಾರಿಡಾದಲ್ಲಿ ಮೂರು ನರ್ಸಿಂಗ್ ಸ್ಕೂಲುಗಳ ಹೆಸರಲ್ಲಿ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾ ಮಾರಿದ್ದು 2023ರ ಜನವರೀಲಿ ಸಿಕ್ಕಿಬಿತ್ತು, 25 ಜನರ ಮೇಲೆ ಕೇಸಾಯ್ತು. ಆದ್ರೆ ಅಲ್ಲೊಂದು ವ್ಯತ್ಯಾಸ ಇದೆ ನೋಡಿ. ಡಿಪ್ಲೊಮಾ ಕೊಂಡ್ಕೊಂಡ್ರೂ ಅಲ್ಲಿ ಲೈಸೆನ್ಸಿಗೆ ಎನ್‌ಕ್ಲೆಕ್ಸ್ ಅಂತ ಒಂದು ಪರೀಕ್ಷೆ ಬರೀಬೇಕು, ದುಡ್ಡು ಕೊಟ್ಟವ್ರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಬ್ರು ಮಾತ್ರ ಅದನ್ನ ಪಾಸ್ ಮಾಡಿದ್ದು. ಉಳಿದವ್ರು ಆ ಬಾಗಿಲಲ್ಲೇ ನಿಂತ್ರು.

ನಮ್ಮಲ್ಲಿ ಬಾಗಿಲೇ ಇಲ್ಲ, ಬರೀ ಕೌಂಟರ್ ಇದೆ. ಡಿಗ್ರಿ, ಮಾರ್ಕ್ಸ್ ಕಾರ್ಡು, ಆಧಾರು, ಫೋಟೋ, ಫೀಸು, ತಗೊಳ್ಳಿ ನೀವು ರಿಜಿಸ್ಟರ್ಡ್ ನರ್ಸು ಮಿಡ್‌ವೈಫು, ಅಂದ್ರೆ ಆರ್‌ಎನ್ ಆರ್‌ಎಂ. ಒಂದು ಬಿಪಿ ನೋಡಮ್ಮ ಅಂತಾನೂ ಯಾರೂ ಕೇಳಲ್ಲ. ಇದಕ್ಕೇ ಹೇಳಿದ್ದು, ಕಾಗದ ನೋಡಿ ಲೈಸೆನ್ಸ್ ಕೊಡೋ ದೇಶದಲ್ಲಿ ಡಿಗ್ರಿ ದೂರದ್ದಾ ಹತ್ತಿರದ್ದಾ ಅನ್ನೋ ಚರ್ಚೆಗೆ ಅರ್ಥ ಇಲ್ಲ. ಅಲ್ಲಿ ದೂರ ಅಳೆಯೋದು ಕೇವಲ ಸರ್ಟಿಫಿಕೇಟಿನ ಮೇಲೆ.

ಇದೆಲ್ಲ ಹೇಳಿದ್ದಕ್ಕೆ ಎಲ್ಲ ಕಾಲೇಜೂ ಹಿಂಗೇ ಅಂತ ತಿಳ್ಕೊಬೇಡಿ. ಬೆಳಿಗ್ಗೆ ಏಳಕ್ಕೆ ಯೂನಿಫಾರ್ಮ್ ಹಾಕಿಸಿ ಬಸ್ಸಲ್ಲಿ ವಾರ್ಡಿಗೆ ಕಳಿಸಿ, ಬೆಡ್ ಮೇಕಿಂಗಿಂದ ಹಿಡಿದು ಹೆಣ ಒರೆಸೋವರೆಗೂ ಕಲಿಸೋ ಕಾಲೇಜುಗಳೂ ಇದಾವೆ, ಕೋವಿಡ್ಡಲ್ಲಿ ನಮ್ಮನ್ನ ಉಳಿಸಿದ್ದು ಅಲ್ಲಿ ಕಲಿತ ಮಕ್ಕಳೇ. ಬರದೇ ಓದೋ ಹುಡುಗೀರನ್ನ ಬೈಯೋಕೂ ನಂಗೆ ಇಷ್ಟ ಇಲ್ಲ. ಊರಲ್ಲಿ ಸಾಲ ಮಾಡಿ ದುಡ್ಡು ಕಟ್ಟಿರ್ತಾರೆ, ಎಷ್ಟೋ ಜನಕ್ಕೆ ಬೆಂಗಳೂರಿಗೆ ಬಂದಿಳಿದ ಮೇಲೇ ಗೊತ್ತಾಗೋದು ಕಾಲೇಜು ಅಂದ್ರೆ ಟೈರ್ ಅಂಗಡಿ ಮೇಲಿನ ಎರಡು ಫ್ಲೋರು ಅಂತ.

ಅಂಥ ಒಬ್ಬ ಹುಡುಗಿ ಡಿಗ್ರಿ ತಗೊಂಡು ಮೊದಲ ದಿನ ಡ್ಯೂಟಿಗೆ ಬರ್ತಾಳೆ ಅಂದ್ಕೊಳ್ಳಿ. ಕೈ ನಡುಗುತ್ತೆ, ನರ ಸಿಗಲ್ಲ, ಅಜ್ಜ ಎರಡು ಸಲ ಚುಚ್ಚಿಸ್ಕೊಂಡು ಮೂರನೇ ಸಲಕ್ಕೆ ಬಾಯಿಗೆ ಬಂದಂಗೆ ಬೈತಾನೆ. ಆಗ ಪಕ್ಕದ ಬೆಡ್ಡಿಂದ ಹಿರಿ ಸಿಸ್ಟರ್ ಬಂದು "ಬಿಡು ಪುಟ್ಟಿ, ಕೈ ಕೆಳಗಡೆ ಮಾಡ್ಸು, ಮುಷ್ಟಿ ಕಟ್ಟಕ್ಕೇಳು, ಬೆರಳಲ್ಲಿ ಮುಟ್ಟಿ ನೋಡು, ಕಣ್ಣಲ್ಲಿ ಹುಡುಕ್ಬೇಡ" ಅಂತ ಹೇಳ್ಕೊಡ್ತಾರೆ. ಆ ಸಿಸ್ಟರ್ ಕೈಯಲ್ಲಿರೋದು ದೂರಶಿಕ್ಷಣದ ಡಿಗ್ರಿ, ಕ್ಲಾರಿಫಿಕೇಶನ್ ಬಾಕಿ. ಹುಡುಗೀದು ರೆಗ್ಯುಲರ್. ನಾಲ್ಕು ವರ್ಷದ ಕೋರ್ಸು ಹೀಗೆ ಸಂಬಳ ತಗೊಂಡೇ ವಾರ್ಡಲ್ಲಿ ಶುರುವಾಗುತ್ತೆ, ಫೀಸು ಅಜ್ಜ ಕಟ್ತಾನೆ. ಮುಂದೆ ಕಾಲೇಜಲ್ಲಿ ಟ್ಯೂಟರ್ ಪೋಸ್ಟ್ ಬಿದ್ದಾಗ ಯಾರಿಗೆ ಸಿಗುತ್ತೆ ಅಂತ ನೀವೇ ಊಹಿಸ್ಕೊಳ್ಳಿ.

ಟ್ಯೂಟರ್ ಬೇಡ ಅಂದ್ರೆ ಗಲ್ಫ್ ಇದೆ. ಅಲ್ಲಿನವ್ರು ಸ್ವಲ್ಪ ಅನುಮಾನದ ಜನ, ಡೇಟಾಫ್ಲೋ ಅಂತ ಒಂದು ಕಂಪನಿ ಕಡೆಯಿಂದ ನಿಮ್ಮ ಕಾಲೇಜಿಗೇ ನೇರವಾಗಿ ಬರೆದು ಕೇಳಿಸ್ತಾರೆ, ಈಕೆ ನಿಜವಾಗ್ಲೂ ನಿಮ್ಮಲ್ಲಿ ಓದಿದ್ದಾಳಾ ಅಂತ. ಟಿಸಿಗೆ, ಡೆಪಾಸಿಟ್ ವಾಪಸ್ಸಿಗೆ ತಿಂಗಳುಗಟ್ಟಲೆ ಓಡಾಡ್ಸೋ ಕಾಲೇಜು ಇದಕ್ಕೆ ಮಾತ್ರ ವಾರದೊಳಗೇ ಉತ್ತರ ಕೊಡುತ್ತೆ. ಲೆಟರ್‌ಹೆಡ್ಡಲ್ಲಿ, ಪ್ರಿನ್ಸಿಪಾಲರ ಹಸಿರು ಇಂಕಿನ ಸೈನು, ದುಂಡನೆ ಸೀಲು: ಹೌದು, ಇವರು ನಮ್ಮ ರೆಗ್ಯುಲರ್ ವಿದ್ಯಾರ್ಥಿನಿ, ಕ್ಲಿನಿಕಲ್ ಹಾಜರಿ ನೂರಕ್ಕೆ ನೂರು, ನಡತೆ ಅತ್ಯುತ್ತಮ. ಕೊನೇ ಮಾತೊಂದು ಮಾತ್ರ ಅಪ್ಪಟ ನಿಜ. ನಾಲ್ಕು ವರ್ಷದಲ್ಲಿ ಆ ಹುಡುಗಿ ಕಾಲೇಜಲ್ಲಿ ಒಂದೇ ಒಂದು ಗಲಾಟೆ ಮಾಡಿಲ್ಲ.