ಹೇಳದೆ ಕೇಳದೆ ಎದ್ದು ಹೋದರಲ್ಲ, ಜವಾಬು ಕೊಡೋರು ಯಾರು?

"ಜನರಿಗೆ ಸ್ವಲ್ಪ ತೊಂದರೆ ಆಗಿದೆ ನಿಜ, ಆದ್ರೆ ನೌಕರರ ಹಕ್ಕೂ ಮುಖ್ಯ." ವಿಮಾನಗಳಿಗೆ ದಾರಿ ಹೇಳೋ ಎಟಿಸಿ (ಏರ್ ಟ್ರಾಫಿಕ್ ಕಂಟ್ರೋಲ್) ಕಂಟ್ರೋಲರ್‌ಗಳು ನಿನ್ನೆ ದಿಢೀರಂತ ಕೆಲಸ ಬಿಟ್ಟಿದ್ದರ ಬಗ್ಗೆ ಬೆಳಿಗ್ಗೆಯಿಂದ ಟಿವಿಯಲ್ಲಿ ಇದೇ ಮಾತು ಕೇಳಿ ಕೇಳಿ ಮೈ ಉರೀತಿದೆ. ಸ್ವಲ್ಪ ಅಂದ್ರೆ ಎಷ್ಟು ಸ್ವಾಮಿ? ಎದುರಿಗೆ ಕೂತವರದ್ದು ಇನ್ನೊಂದು ರಾಗ: "ಕೈತುಂಬ ಸಂಬಳ ತಗೊಂಡು ಕೊಬ್ಬಿದ್ದಾರೆ, ಎಲ್ಲರನ್ನೂ ಮನೆಗೆ ಕಳಿಸಿ." ಇಷ್ಟು ಗಂಟಲು ಹರ್ಕೊಳ್ಳೋರಲ್ಲಿ ಒಬ್ಬರಾದ್ರೂ ನಿನ್ನೆ ರಾತ್ರಿ ಆ ಟರ್ಮಿನಲ್‌ನಲ್ಲಿ ಇದ್ರಾ?

ನನ್ನ ಸಿಟ್ಟು ಮುಷ್ಕರದ ಮೇಲಲ್ಲ. ಮಾಡಿ, ಧಾರಾಳವಾಗಿ ಮಾಡಿ. ನೋಟಿಸ್ ಕೊಡಿ, ತಾರೀಖು ಹೇಳಿ, ನಾವು ಟಿಕೆಟ್ ಬದಲಾಯಿಸ್ಕೋತೀವಿ, ಇಲ್ಲಾಂದ್ರೆ ಹೋಗೋದನ್ನೇ ಬಿಡ್ತೀವಿ. ಇವರು ಮಾಡಿದ್ದೇನು? ಶಿಫ್ಟಿಗೆ ಬರಬೇಕಾದವರು ಒಬ್ಬರ ಹಿಂದೆ ಒಬ್ಬರು ಹುಷಾರಿಲ್ಲ ಅಂತ ಫೋನ್ ಮಾಡಿದ್ರು. ಅಷ್ಟು ಹೊತ್ತಿಗೆ ನಾವೆಲ್ಲ ಲಗೇಜ್ ಕೊಟ್ಟು, ಸೆಕ್ಯುರಿಟಿ ದಾಟಿ ಒಳಗಿದ್ವಿ. ಬೋರ್ಡಿನಲ್ಲಿ ಮೊದಲು ಡಿಲೇ ಅಂತ ಬಂತು, ಆಮೇಲೆ ಸಾಲಾಗಿ ಕ್ಯಾನ್ಸಲ್.

ಅದನ್ನೂ ಸಹಿಸ್ಕೋತಿದ್ದೆ. ಆದರೆ ಆ ವೀಲ್‌ಚೇರ್ ವಿಷಯ ಮಾತ್ರ ಗಂಟಲಲ್ಲಿ ಇಳೀತಿಲ್ಲ.

ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಹೆಚ್ಚು ಹೊತ್ತು ನಿಲ್ಲೋಕಾಗಲ್ಲ. ಕೌಂಟರ್ ಮುಂದಿನ ಸಾಲು ಹಾವಿನ ಹಾಗೆ ಸುತ್ತಿಕೊಂಡು ಗೇಟಿನ ತನಕ ಹೋಗಿತ್ತು. ಏರ್‌ಲೈನಿನ ಹುಡುಗ ಒಬ್ಬ ಬಂದು ಕುರ್ಚಿಗೆ ಕಟ್ಟಿದ್ದ ಟ್ಯಾಗ್ ನೋಡಿದ. "ಇದು ಫ್ಲೈಟಿಗೆ ಬುಕ್ ಆಗಿರೋದು ಸರ್. ಫ್ಲೈಟೇ ಇಲ್ಲ ಅಂದ್ಮೇಲೆ ವಾಪಸ್ ಕೊಡಬೇಕು" ಅಂದ. ನನಗೆ ಮೊದಲು ಅರ್ಥಾನೇ ಆಗಲಿಲ್ಲ. ಎಲ್ಲಿ ಕೂರಿಸಲಿ ಅಂತ ಕೇಳಿದೆ. ಮೇಲಿಂದ ಆರ್ಡರ್ ಅಂದ. ನಾನು ಕೈ ಮುಗಿದೆ. ಹೌದು, ಅಷ್ಟು ಜನರ ಎದುರು, ನನಗಿಂತ ಎಷ್ಟೋ ಚಿಕ್ಕವನಿಗೆ ಎರಡೂ ಕೈ ಜೋಡಿಸಿ ಕೇಳಿಕೊಂಡೆ. ಅವನು ನನ್ನ ಮುಖ ನೋಡಲೇ ಇಲ್ಲ. ಅಷ್ಟರಲ್ಲಿ ಅಮ್ಮ ತಾನೇ ಕುರ್ಚಿಯ ಕೈ ಹಿಡಿದು ಏಳೋಕೆ ಶುರು ಮಾಡಿದ್ಲು. "ಬಿಡು ಮಗಾ, ಅವನದ್ದೇನು ತಪ್ಪು, ನಾನು ನಿಂತ್ಕೋತೀನಿ." ಅವಳಿಗೆ ನಿಲ್ಲೋಕೆ ಆಗಲಿಲ್ಲ. ಸೂಟ್‌ಕೇಸ್ ಅಡ್ಡ ಮಲಗಿಸಿ ಅದರ ಮೇಲೆ ಕೂರಿಸಿದೆ. ಅವನು ಕುರ್ಚಿ ತಳ್ಕೊಂಡು ಹೊರಟ, ಅಮ್ಮನ ಒಂದು ಚಪ್ಪಲಿ ಫುಟ್‌ರೆಸ್ಟಿಗೆ ಸಿಕ್ಕಿಕೊಂಡು ಅದರ ಜೊತೆಗೇ ಹೋಯ್ತು. ಚಪ್ಪಲಿ, ಚಪ್ಪಲಿ ಅಂತ ಕೂಗ್ತಾ ಜನರ ನಡುವೆ ಅವನ ಹಿಂದೆ ಓಡಿದೆ. ಜನ ಸರಿದು ದಾರಿ ಬಿಟ್ರು. ಒಬ್ಬರೂ ಅವನನ್ನ ನಿಲ್ಲಿಸಲಿಲ್ಲ. ವಾಪಸ್ ಬಂದಾಗ ಅಮ್ಮ ಸೆರಗಿನಿಂದ ಬರಿಗಾಲು ಮುಚ್ಚಿಕೊಂಡಿದ್ಲು.

ಆ ಕ್ಷಣಕ್ಕೆ ನನಗೂ ಅನ್ನಿಸಿತು, ಎಲ್ಲ ಕಂಟ್ರೋಲರ್‌ಗಳನ್ನೂ ಒದ್ದು ಓಡಿಸಬೇಕು ಅಂತ. ಅಮೆರಿಕದಲ್ಲಿ 1981ರ ಆಗಸ್ಟ್‌ನಲ್ಲಿ ಕಂಟ್ರೋಲರ್‌ಗಳು ಮುಷ್ಕರ ಹೂಡಿದಾಗ ಅಧ್ಯಕ್ಷ ರೇಗನ್ ಮಾಡಿದ್ದು ಅದನ್ನೇ ತಾನೇ? 48 ಗಂಟೆ ಗಡುವು ಕೊಟ್ಟು, ವಾಪಸ್ ಬರದ 11 ಸಾವಿರಕ್ಕೂ ಹೆಚ್ಚು ಜನರನ್ನ ಕೆಲಸದಿಂದ ಕಿತ್ತುಹಾಕಿದ್ರು. ಚರ್ಚೆಯಲ್ಲಿ ಎಲ್ಲರ ಬಾಯಲ್ಲೂ ಈಗ ಅದೇ ಉದಾಹರಣೆ. ಕಿತ್ತುಹಾಕಿದ ಮೇಲೆ ಆ ಸ್ಕ್ರೀನ್ ಮುಂದೆ ಯಾರು ಕೂರ್ತಾರೆ ಅಂತ ಮಾತ್ರ ಯಾರೂ ಹೇಳಲ್ಲ. ಒಬ್ಬ ಕಂಟ್ರೋಲರ್ ತಯಾರಾಗೋಕೆ ವರ್ಷಗಳು ಬೇಕು. ಮಿಲಿಟರಿಯವರನ್ನ ಕೂರಿಸಿ ಅನ್ನೋರಿಗೆ 1973ರ ಮಾರ್ಚ್ 5 ನೆನಪಿಲ್ಲ. ಫ್ರಾನ್ಸ್‌ನಲ್ಲಿ ಸಿವಿಲ್ ಕಂಟ್ರೋಲರ್‌ಗಳ ಮುಷ್ಕರ ನಡೀತಿತ್ತು, ಮಿಲಿಟರಿಯವರು ಕೂತಿದ್ರು, ನಾಂಟ್ ಊರಿನ ಮೇಲೆ ಎರಡು ವಿಮಾನ ಡಿಕ್ಕಿಯಾಗಿ ಒಂದರಲ್ಲಿದ್ದ 68 ಜನರೂ ಸತ್ರು. ಹಾಗಂತ ಜನ ಕಡಿಮೆ ಇಟ್ಟುಕೊಂಡು ನಡೆಸಿದ್ರೆ? 2002ರ ಜುಲೈ 1ರ ರಾತ್ರಿ ಝೂರಿಕ್‌ನಲ್ಲಿ ಒಬ್ಬನೇ ಕಂಟ್ರೋಲರ್ ಎರಡು ಸ್ಕ್ರೀನ್ ನೋಡ್ಕೋತಿದ್ದ. ಅವನು ನೋಡ್ಕೋತಿದ್ದ ಎರಡು ವಿಮಾನ ಜರ್ಮನಿಯ ಊಬರ್ಲಿಂಗನ್ ಮೇಲೆ ಡಿಕ್ಕಿಯಾಗಿ 71 ಜನ ಹೋದ್ರು, ಹೆಚ್ಚಿನವರು ಮಕ್ಕಳು. ಸುಸ್ತಾದವನನ್ನ ಆ ಕುರ್ಚಿಯಲ್ಲಿ ಕೂರಿಸಬಾರದು ಅನ್ನೋದು ನಾನೂ ಒಪ್ಪೋ ಮಾತೇ. ಒಪ್ಪಿಕೊಂಡ್ರೂ ಹೊಟ್ಟೆ ಉರಿ ಹೋಗ್ತಿಲ್ಲ, ಏನ್ಮಾಡ್ಲಿ?

ಯಾಕಂದ್ರೆ ನೌಕರರು, ಆಡಳಿತದವರು, ಇಬ್ಬರೂ ನಮ್ಮನ್ನೇ ಆಯುಧ ಮಾಡ್ಕೋತಾರೆ. 2010ರ ಡಿಸೆಂಬರ್ 3ರಂದು ಸ್ಪೇನ್‌ನಲ್ಲೂ ಹೀಗೇ ಆಗಿತ್ತು. ಸಾಲು ರಜೆ ಶುರುವಾಗೋ ಶುಕ್ರವಾರ. ಸರ್ಕಾರ ಅವತ್ತೇ ಕೆಲಸದ ಗಂಟೆಗಳ ಬಗ್ಗೆ ಸುಗ್ರೀವಾಜ್ಞೆ ತಂತು, ಸಂಜೆ ಹೊತ್ತಿಗೆ ಕಂಟ್ರೋಲರ್‌ಗಳು ಹುಷಾರಿಲ್ಲ ಅಂತ ಎದ್ದು ಹೋದ್ರು. ಅವತ್ತು ರಾತ್ರಿಯೇ ಮಿಲಿಟರಿ, ಮಾರನೇ ದಿನ ತುರ್ತುಸ್ಥಿತಿ. ಆರು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಸಿಕ್ಕಿಬಿದ್ರು. ರಜೆಯ ಹೊಸ್ತಿಲಲ್ಲೇ ಯಾಕೆ ಸುಗ್ರೀವಾಜ್ಞೆ? ರಜೆಯ ಹೊಸ್ತಿಲಲ್ಲೇ ಯಾಕೆ ಕಾಯಿಲೆ? ಜನ ಹೆಚ್ಚಾಗಿ ಸಿಕ್ಕಿಬೀಳೋ ದಿನ ಅದೇ ಅಂತ ಇಬ್ಬರಿಗೂ ಗೊತ್ತಿರಲಿಲ್ವಾ?

ಏರ್‌ಲೈನ್‌ನವರದ್ದು ಒಂದೇ ಪಲ್ಲವಿ, "ಇದು ನಮ್ಮ ಕೈಮೀರಿದ ಪರಿಸ್ಥಿತಿ." ವಿಮಾನ ಪ್ರಯಾಣಿಕರ ಹಕ್ಕಿನ ಬಗ್ಗೆ ಇರೋ ಯುರೋಪಿನ 261/2004 ನಿಯಮದಲ್ಲೂ ಎಟಿಸಿ ಮುಷ್ಕರಕ್ಕೆ ಪರಿಹಾರದ ದುಡ್ಡು ಇಲ್ಲ, ಆದ್ರೆ ಕಾಯೋರಿಗೆ ಊಟ, ರಾತ್ರಿ ತಂಗೋಕೆ ಜಾಗ ಕೊಡಲೇಬೇಕು. ಮುಷ್ಕರ ಕೈಮೀರಿದ್ದು, ಒಪ್ಪಿದೆ. ವೀಲ್‌ಚೇರ್ ಕೂಡ ಕೈಮೀರಿದ್ದಾ?

ದೂರು ಕೊಡು ಅಂತ ಎಲ್ಲರೂ ಹೇಳ್ತಿದ್ದಾರೆ. ಕೊಟ್ಟು ಏನಾಗುತ್ತೆ? ಒಂದು ನಂಬರ್ ಬರುತ್ತೆ ಅಷ್ಟೇ. ಬೇಡ, ಏನೂ ಬೇಡ ಅನ್ನಿಸಿಬಿಟ್ಟಿದೆ. ಆದರೂ ಕೊಡ್ತೀನಿ, ಇವತ್ತೇ ಕೊಡ್ತೀನಿ. ಯೂನಿಯನ್‌ನವರು ಹೇಳಲಿ, ಒಂದು ದಿನ ಮುಂಚೆ ತಿಳಿಸಿದ್ರೆ ನಿಮ್ಮ ಯಾವ ಬೇಡಿಕೆ ಬಿದ್ದುಹೋಗ್ತಿತ್ತು? ಆಡಳಿತದವರು ಹೇಳಲಿ, ಅಸಮಾಧಾನ ಇಷ್ಟು ದೂರ ಬಂದಿದ್ದು ಗೊತ್ತಿದ್ದೂ ನಮ್ಮನ್ನ ಯಾಕೆ ಒಳಗೆ ಬಿಟ್ರಿ?

ಈಗ ನಾಡಿದ್ದಿನ ಟಿಕೆಟ್ ಕೊಟ್ಟಿದ್ದಾರೆ. ಆ ಫ್ಲೈಟಾದ್ರೂ ಹೊರಡುತ್ತಾ ಅಂತ ಕೇಳಿದ್ರೆ ಎಟಿಸಿಯವರನ್ನ ಕೇಳಿ ಅಂತಾರೆ. ಪ್ರಯಾಣಿಕ ಆದವನು ಎಟಿಸಿಯವರನ್ನ ಎಲ್ಲಿ ಹೋಗಿ ಕೇಳಬೇಕು? ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ.